ಮುಚ್ಚಿಡಲು ಏನೂ ಇಲ್ಲದವರ ಖಾಸಗಿತನ

ಸರ್ಕಾರಗಳ ಕಣ್ಗಾವಲು, ರಾಜಕೀಯ ದಮನ ಮತ್ತು ಅಂತರ್ಜಾಲದಲ್ಲಿ ನಮ್ಮ ಖಾಸಗಿತನ ಕುರಿತು ಓದುಗರಿಂದ ಬಂದಿರುವ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇವೆ. ವಿಷಯದ ಸೂಕ್ಷ್ಮವನ್ನು ಗಮನಿಸಿ, ಪತ್ರ ಬರೆದವರ ಹೆಸರು, ವಿಳಾಸಗಳನ್ನು ಬೇಕೆಂದೇ ಕೈಬಿಡಲಾಗಿದೆ.

ಪ್ರಶ್ನೆ: ನಾನು ನಿವೃತ್ತ ನೌಕರ. ಎಂದೂ ಕಾನೂನು ಮೀರಿ ನಡೆದವನಲ್ಲ. ನನ್ನ ಮೊಬೈಲಿನಲ್ಲಿ ಮೊಮ್ಮಕ್ಕಳ ಫೋಟೊ, ಬ್ಯಾಂಕಿನ ಸಂದೇಶ, ಗೆಳೆಯರ ಶುಭಾಶಯ ಬಿಟ್ಟರೆ ಬೇರೇನೂ ಇಲ್ಲ. ಸರ್ಕಾರ ನೋಡಿದರೆ ನೋಡಲಿ. ತಪ್ಪು ಮಾಡದವನು ಏಕೆ ಹೆದರಬೇಕು?

ಉತ್ತರ: ತಪ್ಪು ಯಾವುದು ಎಂಬುದು ಇಂದು ಇದ್ದಂತೆಯೇ ನಾಳೆಯೂ ಇರುತ್ತದೆ, ನಿಮ್ಮ ಮಾಹಿತಿಯನ್ನು ಇಂದು ಕೂಡಿಡುತ್ತಿರುವವರ ಕೈಯಲ್ಲಿಯೇ ಅದು ಕೊನೆಯವರೆಗೂ ಉಳಿಯುತ್ತದೆ ಎಂದು ನಂಬಿದವರಿಗೆ ಮಾತ್ರ ಈ ಧೈರ್ಯ ಸಾಧ್ಯ. ಈ ನಂಬಿಕೆಯನ್ನು ಇತಿಹಾಸ ಮತ್ತೆ ಮತ್ತೆ ಸುಳ್ಳು ಮಾಡಿದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ನೆದರ್‌ಲ್ಯಾಂಡ್ಸ್ ಬಹಳ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ ವ್ಯವಸ್ಥೆಯನ್ನು ಹೊಂದಿತ್ತು. ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಕಾರ್ಡು, ಅದರಲ್ಲಿ ವಿಳಾಸ, ಕುಟುಂಬದ ವಿವರ, ಜೊತೆಗೆ ಧರ್ಮ. ಧರ್ಮದ ಕಾಲಂ ತುಂಬಿದ ಗುಮಾಸ್ತನ ಮನಸ್ಸಿನಲ್ಲಿ ಕೇಡು ಇರಲಿಲ್ಲ, ತುಂಬಿಸಿದ ನಾಗರಿಕನಿಗೂ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. 1940ರಲ್ಲಿ ನಾಜಿ ಸೇನೆ ದೇಶವನ್ನು ಆಕ್ರಮಿಸಿಕೊಂಡಿತು. ಆಡಳಿತದ ಅನುಕೂಲಕ್ಕೆಂದು ಕೂಡಿಟ್ಟಿದ್ದ ಕಾರ್ಡುಗಳು ಯಹೂದಿಗಳನ್ನು ಮನೆಮನೆಯಿಂದ ಹುಡುಕಿ ತೆಗೆಯುವ ಕೆಲಸಕ್ಕೆ ಒದಗಿದವು. ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಮುಕ್ಕಾಲು ಪಾಲು ಜನ ಕೊಲ್ಲಲ್ಪಟ್ಟರು. ಪಶ್ಚಿಮ ಯುರೋಪಿನ ಯಾವ ದೇಶದಲ್ಲೂ ಈ ಪ್ರಮಾಣ ಇಷ್ಟು ಹೆಚ್ಚಿರಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ನೋಂದಣಿಯ ಪಾತ್ರವನ್ನು ಇತಿಹಾಸಕಾರರು ಕಡೆಗಣಿಸುವುದಿಲ್ಲ. 1943ರ ಮಾರ್ಚ್ 27ರ ರಾತ್ರಿ ಚಿತ್ರಕಲಾವಿದ ವಿಲೆಮ್ ಅರೊಂಡೇಯಸ್ ಮತ್ತು ಸಂಗಡಿಗರು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ನುಗ್ಗಿ, ಕಾರ್ಡುಗಳನ್ನು ನೆಲಕ್ಕೆ ಸುರಿದು ಸ್ಫೋಟಕಗಳಿಂದ ಬೆಂಕಿ ಹಚ್ಚಿದರು. ಸುಟ್ಟದ್ದು ಒಂದು ಸಣ್ಣ ಭಾಗ ಮಾತ್ರ. ಅರೊಂಡೇಯಸ್ ಮತ್ತು ಹಲವು ಸಂಗಡಿಗರನ್ನು ಅದೇ ವರ್ಷದ ಜುಲೈನಲ್ಲಿ ಗುಂಡಿಟ್ಟು ಕೊಂದರು. ಒಂದು ಕಾಲಂ ಅಳಿಸುವುದಕ್ಕೆ ಮನುಷ್ಯರು ಪ್ರಾಣ ತೆರಬೇಕಾಯಿತು ಎಂಬುದನ್ನು ದಯವಿಟ್ಟು ಯೋಚಿಸಿ ನೋಡಿ.

ಇದು ಹಳೆಯ ಕಾಲದ, ಕಾಗದದ ಕಾಲದ ಮಾತು ಎನ್ನುವಿರಾದರೆ 2021ರ ಆಗಸ್ಟ್ ತಿಂಗಳ ಕಾಬೂಲನ್ನು ನೆನಪಿಸಿಕೊಳ್ಳಿ. ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ದಾಖಲಿಸಲು ಅಮೆರಿಕದ ಸೇನೆ ಬಳಸುತ್ತಿದ್ದ ಉಪಕರಣಗಳು ತಾಲಿಬಾನ್ ಕೈಸೇರಿದವೆಂದು ವರದಿಯಾಯಿತು. ವಿದೇಶಿ ಪಡೆಗಳ ಜೊತೆ ಕೆಲಸ ಮಾಡಿದ್ದ ಜನ ತಮ್ಮ ಹಳೆಯ ಫೋಟೊ, ಸಂದೇಶ, ಗೆಳೆಯರ ಪಟ್ಟಿಗಳನ್ನು ಅಳಿಸಲು ಪರದಾಡಿದರು. ಅಫ್ಗನ್ ಬಳಕೆದಾರರು ಒಂದೇ ಗುಂಡಿ ಒತ್ತಿ ತಮ್ಮ ಖಾತೆಯ ವಿವರಗಳು ಅಪರಿಚಿತರಿಗೆ ಕಾಣದಂತೆ ಬೀಗ ಹಾಕಿಕೊಳ್ಳುವ ಸೌಲಭ್ಯವನ್ನು ಫೇಸ್‌ಬುಕ್ ತರಾತುರಿಯಲ್ಲಿ ಒದಗಿಸಿತು. ನಿನ್ನೆಯವರೆಗೆ ಹೆಮ್ಮೆಯಿಂದ ಹಂಚಿಕೊಂಡಿದ್ದ ಒಂದು ಪ್ರಮಾಣಪತ್ರದ ಚಿತ್ರ ರಾತ್ರಿ ಕಳೆಯುವುದರೊಳಗೆ ಪ್ರಾಣಾಪಾಯದ ಪುರಾವೆಯಾಗಿತ್ತು. ಇನ್ನು ಬೆಲಾರೂಸಿನಲ್ಲಿ 2020ರ ಚುನಾವಣೆಯ ವಿರುದ್ಧ ಎದ್ದ ಪ್ರತಿಭಟನೆಗಳ ನಂತರ ಸರ್ಕಾರ ಹಲವು ಟೆಲಿಗ್ರಾಂ ಚಾನೆಲ್‌ಗಳನ್ನು ಉಗ್ರಗಾಮಿ ಎಂದು ಘೋಷಿಸಿತು. ಸುದ್ದಿ ಓದಲೆಂದು ಆ ಚಾನೆಲ್‌ಗಳನ್ನು ಸೇರಿಕೊಂಡಿದ್ದವರ ಮೊಬೈಲುಗಳಲ್ಲಿ ಏನೂ ಬದಲಾಗಿರಲಿಲ್ಲ, ಬದಲಾದದ್ದು ಅವರನ್ನು ಕರೆಯುವ ಹೆಸರು.

ಆದ್ದರಿಂದ ನಿಮ್ಮ ಮಾತನ್ನು ಸ್ವಲ್ಪ ತಿದ್ದಿ ಹೇಳಬೇಕಾಗುತ್ತದೆ: ನೀವು ಯಾವ ತಪ್ಪನ್ನೂ ಮಾಡಿಲ್ಲ ಎಂದು ತೀರ್ಮಾನಿಸುವವರು ನೀವಲ್ಲ. ಇನ್ನೊಂದು ಮಾತು. ನಿಮ್ಮ ಮೊಬೈಲಿನಲ್ಲಿರುವುದು ನಿಮ್ಮೊಬ್ಬರ ಮಾಹಿತಿಯಲ್ಲ. ಗೆಳೆಯರ ನಂಬರು, ಮಗಳ ಪ್ರಯಾಣದ ಟಿಕೆಟ್ಟು, ಗುಂಪಿನಲ್ಲಿ ಯಾರೋ ಹೇಳಿಕೊಂಡ ಕಷ್ಟ, ಇವೆಲ್ಲ ಅದರಲ್ಲಿವೆ. ನಿಮ್ಮ ಖಾಸಗಿತನವನ್ನು ಬಿಟ್ಟುಕೊಡುವ ಹಕ್ಕು ನಿಮಗಿರಬಹುದು, ಅವರದನ್ನು ಬಿಟ್ಟುಕೊಡುವ ಹಕ್ಕು ನಿಮಗಿಲ್ಲ.

ಪ್ರಶ್ನೆ: ಮಾತನ್ನು ಯಾರೂ ಕೇಳುತ್ತಿಲ್ಲ, ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಎಂಬುದಷ್ಟೇ ದಾಖಲಾಗುತ್ತದೆ ಎಂದು ಸರ್ಕಾರಗಳು ಹೇಳುತ್ತವೆ. ಅಷ್ಟಕ್ಕೇ ಏಕೆ ಗಾಬರಿ?

ಉತ್ತರ: ನೀವು ಹೇಳುತ್ತಿರುವುದನ್ನು ಮೆಟಾಡೇಟಾ ಎನ್ನುತ್ತಾರೆ. ಪತ್ರವನ್ನು ಒಡೆಯದೆ ಲಕೋಟೆಯ ಮೇಲಿನ ವಿಳಾಸ, ಮುದ್ರೆ, ತಾರೀಖುಗಳನ್ನು ಮಾತ್ರ ಬರೆದಿಟ್ಟುಕೊಂಡಂತೆ. ಒಂದೆರಡು ಲಕೋಟೆಗಳಿಂದ ಏನೂ ತಿಳಿಯದು ನಿಜ. ಎಲ್ಲ ಲಕೋಟೆಗಳನ್ನೂ ವರ್ಷಗಟ್ಟಲೆ ಬರೆದಿಟ್ಟರೆ ಒಳಗಿನ ಪತ್ರವನ್ನು ಓದಬೇಕಾದ ಅಗತ್ಯವೇ ಬೀಳುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 800ಕ್ಕೂ ಹೆಚ್ಚು ಸ್ವಯಂಸೇವಕರ ಕರೆ ವಿವರಗಳನ್ನು ಅವರ ಒಪ್ಪಿಗೆ ಪಡೆದು ಪರಿಶೀಲಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಒಬ್ಬರ ಕರೆಗಳ ಪಟ್ಟಿ ಹೀಗಿತ್ತು: ಹೃದ್ರೋಗ ತಜ್ಞರ ಕೇಂದ್ರದಿಂದ ಬಂದ ಒಂದು ದೀರ್ಘ ಕರೆ, ವೈದ್ಯಕೀಯ ಪ್ರಯೋಗಾಲಯದೊಂದಿಗೆ ಚುಟುಕು ಮಾತು, ಔಷಧದ ಅಂಗಡಿಯಿಂದ ಬಂದ ಹಲವು ಸಣ್ಣ ಕರೆಗಳು, ಕೊನೆಗೆ ಹೃದಯ ಬಡಿತದ ಏರುಪೇರನ್ನು ಗಮನಿಸುವ ಉಪಕರಣದ ಸಹಾಯವಾಣಿಗೆ ಮಾಡಿದ ಕರೆಗಳು. ಒಂದೇ ಒಂದು ಪದವನ್ನೂ ಕೇಳಿಸಿಕೊಳ್ಳದೆ ಆ ವ್ಯಕ್ತಿಯ ಕಾಯಿಲೆ ಯಾವುದೆಂದು ಸಂಶೋಧಕರಿಗೆ ತಿಳಿಯಿತು. ಕಾಯಿಲೆಯ ಜಾಗದಲ್ಲಿ ರಾಜಕೀಯವನ್ನು ಇಟ್ಟು ನೋಡಿ. ಒಬ್ಬ ಅಧಿಕಾರಿ ರಾತ್ರಿ ಹತ್ತಕ್ಕೆ ಪತ್ರಕರ್ತನೊಬ್ಬನಿಗೆ ಕರೆ ಮಾಡುತ್ತಾನೆ, ಮರುದಿನ ಬೆಳಿಗ್ಗೆ ಆ ಪತ್ರಕರ್ತ ವಕೀಲರಿಗೆ ಕರೆ ಮಾಡುತ್ತಾನೆ, ಮೂರನೆಯ ದಿನ ಲಂಚದ ಸುದ್ದಿ ಅಚ್ಚಾಗುತ್ತದೆ. ಸುದ್ದಿ ಕೊಟ್ಟವರು ಯಾರೆಂದು ಕಂಡುಹಿಡಿಯಲು ಇನ್ನೇನು ಬೇಕು?

ಒಬ್ಬರ ಓಡಾಟದ ವಿವರ ಇನ್ನೂ ಹೆಚ್ಚು ಬಾಯಿಬಿಡುತ್ತದೆ. 15 ಲಕ್ಷ ಜನರ ಮೊಬೈಲ್ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೆಸರು ತೆಗೆದುಹಾಕಿದ ದಾಖಲೆಯಲ್ಲೂ ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ನಾಲ್ಕು ಸಂಗತಿಗಳು ಸಿಕ್ಕರೆ ನೂರಕ್ಕೆ 95 ಮಂದಿಯನ್ನು ಬೇರೆಯವರಿಂದ ಪ್ರತ್ಯೇಕಿಸಿ ಗುರುತಿಸಬಹುದು. 2014ರ ಜನವರಿ 21ರಂದು ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ ಪ್ರತಿಭಟನೆ ನಡೆಯುತ್ತಿದ್ದ ಜಾಗದ ಸುತ್ತಮುತ್ತ ಇದ್ದವರ ಮೊಬೈಲುಗಳಿಗೆ ಒಂದು ಸಂದೇಶ ಬಂತು. ನೀವು ಸಾಮೂಹಿಕ ಗಲಭೆಯಲ್ಲಿ ಪಾಲ್ಗೊಂಡವರೆಂದು ನೋಂದಾಯಿಸಲಾಗಿದೆ ಎಂಬುದು ಅದರ ಸಾರಾಂಶ. ಅಲ್ಲಿದ್ದವರಲ್ಲಿ ಪ್ರತಿಭಟನೆಗೆ ಬಂದವರೂ ಇದ್ದರು, ದಾರಿಹೋಕರೂ ಇದ್ದರು. ಸಂದೇಶಕ್ಕೆ ಆ ಭೇದವಿರಲಿಲ್ಲ.

2013ರ ಜೂನ್‌ನಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ದಾಖಲೆಗಳಲ್ಲಿ ಮೊದಲು ಪ್ರಕಟವಾದದ್ದು, ವೆರಿಜಾನ್ ದೂರವಾಣಿ ಕಂಪನಿ ತನ್ನ ಗ್ರಾಹಕರ ಕರೆ ವಿವರಗಳನ್ನು ಪ್ರತಿದಿನ ಆ ಬೇಹುಗಾರಿಕೆ ಸಂಸ್ಥೆಗೆ ಒಪ್ಪಿಸಬೇಕೆಂಬ ರಹಸ್ಯ ನ್ಯಾಯಾಲಯದ ಆದೇಶ. ಇವು ಬರೀ ಮೆಟಾಡೇಟಾ ಎಂಬ ಸಮಾಧಾನವನ್ನು ಆಗಲೂ ಹೇಳಲಾಯಿತು. ಆದರೆ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್ 2014ರ ಒಂದು ಸಾರ್ವಜನಿಕ ಚರ್ಚೆಯಲ್ಲಿ, ಮೆಟಾಡೇಟಾ ಆಧರಿಸಿ ನಾವು ಜನರನ್ನು ಕೊಲ್ಲುತ್ತೇವೆ ಎಂದು ಒಪ್ಪಿಕೊಂಡರು. ಅವರು ಹೇಳಿದ್ದು ಸ್ವದೇಶದ ಪ್ರಜೆಗಳ ಕರೆ ವಿವರದ ಬಗ್ಗೆ ಅಲ್ಲವಾದರೂ, ಆ ಮಾಹಿತಿಗೆ ಬೇಹುಗಾರರು ಕಟ್ಟುವ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಬಂಧನ, ಸೆನ್ಸಾರ್, ಹಲ್ಲೆಗಳನ್ನು ದಮನ ಎನ್ನುವುದು ಅರ್ಥವಾಗುತ್ತದೆ. ಯಾರನ್ನೂ ಮುಟ್ಟದೆ ಬರೀ ನೋಡುತ್ತಿರುವುದರಿಂದ ಏನು ಹಾನಿ?

ಉತ್ತರ: ದಮನಕ್ಕೆ ಅತ್ಯಂತ ಅಗ್ಗದ ದಾರಿ ಅದೇ. ಸಾವಿರ ಜನರನ್ನು ಬಂಧಿಸುವ ಬದಲು, ಬಂಧಿಸಬಹುದು ಎಂಬ ಅನುಮಾನವನ್ನು ಲಕ್ಷಾಂತರ ಜನರ ಮನಸ್ಸಿನಲ್ಲಿ ಬಿತ್ತಿದರೆ ಸಾಕು, ಉಳಿದ ಕೆಲಸವನ್ನು ಅವರೇ ಮಾಡಿಕೊಳ್ಳುತ್ತಾರೆ. ಬರೆಯಲು ಹೊರಟದ್ದನ್ನು ಅಳಿಸುತ್ತಾರೆ, ಹುಡುಕಲು ಹೊರಟ ಪದವನ್ನು ಟೈಪ್ ಮಾಡದೆ ಬಿಡುತ್ತಾರೆ, ಯಾರದೋ ಪೋಸ್ಟಿಗೆ ಮೆಚ್ಚುಗೆ ಒತ್ತುವ ಮೊದಲು ಬೆರಳು ಹಿಂದೆಗೆಯುತ್ತಾರೆ. ಸ್ನೋಡೆನ್ ದಾಖಲೆಗಳು ಹೊರಬಂದ ನಂತರ ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಲೇಖನಗಳನ್ನು ಓದುವವರ ಸಂಖ್ಯೆ ಗಮನಾರ್ಹವಾಗಿ ಇಳಿಯಿತೆಂದು ಜೊನಾಥನ್ ಪೆನ್ನಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ವಿಶ್ವಕೋಶ ಓದುವುದು ಯಾವ ಕಾನೂನಿನಲ್ಲೂ ಅಪರಾಧವಾಗಿರಲಿಲ್ಲ. ಯಾರೂ ಯಾರನ್ನೂ ತಡೆದಿರಲಿಲ್ಲ. ತಿಳಿದುಕೊಳ್ಳುವ ಕುತೂಹಲವನ್ನೇ ಜನ ಸದ್ದಿಲ್ಲದೆ ಕೈಬಿಟ್ಟಿದ್ದರು. ಇಂಥ ನಷ್ಟಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ. ಬರೆಯದೆ ಉಳಿದ ಲೇಖನವನ್ನು ಎಣಿಸುವುದು ಹೇಗೆ?

ನೋಡುವುದು ನೋಡುವಲ್ಲಿಗೇ ನಿಲ್ಲುವುದೂ ಇಲ್ಲ. ಪೂರ್ವ ಜರ್ಮನಿಯ ರಹಸ್ಯ ಪೊಲೀಸ್ ಸಂಸ್ಥೆ ಸ್ಟಾಸಿಯಲ್ಲಿ 1989ರ ಹೊತ್ತಿಗೆ ಸುಮಾರು 91,000 ಕಾಯಂ ನೌಕರರಿದ್ದರು, ಅವರಲ್ಲದೆ ಒಂದೂವರೆ ಲಕ್ಷವನ್ನು ಮೀರಿದ ಗುಪ್ತ ಮಾಹಿತಿದಾರರಿದ್ದರು. ದೇಶದ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷದಷ್ಟಿತ್ತು. 1970ರ ದಶಕದಲ್ಲಿ ಆ ಸಂಸ್ಥೆ ಭಿನ್ನಮತೀಯರನ್ನು ಬಹಿರಂಗವಾಗಿ ಜೈಲಿಗೆ ಹಾಕುವುದನ್ನು ಕಡಿಮೆ ಮಾಡಿ, ಒಳಗಿಂದೊಳಗೇ ವ್ಯಕ್ತಿಯನ್ನು ಕುಸಿಯುವಂತೆ ಮಾಡುವ ವಿಧಾನವನ್ನು ರೂಢಿಸಿಕೊಂಡಿತು. 1976ರಲ್ಲಿ ಇದಕ್ಕೊಂದು ಲಿಖಿತ ನಿರ್ದೇಶನವೇ ಹೊರಟಿತು. ಮನೆಯಲ್ಲಿ ಯಾರೂ ಇಲ್ಲದಾಗ ಒಳಹೊಕ್ಕು ವಸ್ತುಗಳನ್ನು ಸ್ಥಳಾಂತರಿಸಿ ಬರುವುದು, ದಾಂಪತ್ಯದಲ್ಲಿ ಸಂಶಯ ಹುಟ್ಟಿಸುವ ಅನಾಮಧೇಯ ಪತ್ರ ಕಳಿಸುವುದು, ಬಡ್ತಿ ತಪ್ಪಿಸುವುದು, ಗೆಳೆಯರ ಬಳಗದಲ್ಲಿ ಇವನೇ ಮಾಹಿತಿದಾರ ಎಂಬ ಗಾಳಿಮಾತು ಹಬ್ಬಿಸುವುದು. ಇಷ್ಟನ್ನು ಮಾಡಬೇಕಾದರೆ ಆ ವ್ಯಕ್ತಿ ಯಾವುದಕ್ಕೆ ನೋಯುತ್ತಾನೆ, ಯಾರನ್ನು ನಂಬುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂಬ ಅಂತರಂಗದ ವಿವರಗಳು ಬೇಕು. ಅದನ್ನು ಕಲೆಹಾಕಲು ಸ್ಟಾಸಿಗೆ ಮಾಹಿತಿದಾರರ ಸೈನ್ಯವೇ ಬೇಕಾಯಿತು. ಇಂದು ಅದೇ ವಿವರಗಳನ್ನು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಸಾಧನ ತಾನಾಗಿಯೇ ಬರೆದಿಡುತ್ತಿದೆ.

ಇದು ಸರ್ವಾಧಿಕಾರಗಳ ಹಣೆಬರಹ ಮಾತ್ರ ಎಂದುಕೊಳ್ಳಬೇಡಿ. ಚುನಾಯಿತ ಸರ್ಕಾರವಿದ್ದ ಅಮೆರಿಕದಲ್ಲಿ ಎಫ್‌ಬಿಐ ಸಂಸ್ಥೆಯು ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ಕದ್ದಾಲಿಕೆ ನಡೆಸಿ, ಅವರ ಖಾಸಗಿ ಬದುಕಿನ ಧ್ವನಿಮುದ್ರಿಕೆಯ ಜೊತೆಗೆ, ಆತ್ಮಹತ್ಯೆಗೆ ಪ್ರೇರೇಪಿಸುವಂತಿದ್ದ ಅನಾಮಧೇಯ ಪತ್ರವೊಂದನ್ನು 1964ರಲ್ಲಿ ಅವರಿಗೆ ಕಳುಹಿಸಿತು. ಆ ಕದ್ದಾಲಿಕೆಗೆ ಕೊಟ್ಟ ಕಾರಣ ದೇಶದ ಭದ್ರತೆ. 1975ರಲ್ಲಿ ಸೆನೆಟ್ ಸಮಿತಿಯೊಂದು ತನಿಖೆ ನಡೆಸಿದ ಮೇಲೆ ಇದರ ಪೂರ್ಣ ಸ್ವರೂಪ ಜನರಿಗೆ ತಿಳಿಯಿತು. ಅಷ್ಟರಲ್ಲಿ ಕಿಂಗ್ ಕೊಲೆಯಾಗಿ ಏಳು ವರ್ಷಗಳಾಗಿದ್ದವು. ಪತ್ರಕರ್ತೆಯಾಗಲಿರುವ ನಿಮಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಿಮಗೆ ಸುದ್ದಿ ಕೊಡುವವರು ತಮ್ಮ ನೌಕರಿಯನ್ನೂ ಕೆಲವೊಮ್ಮೆ ಪ್ರಾಣವನ್ನೂ ನಿಮ್ಮ ಮೊಬೈಲಿನಲ್ಲಿ ಇಟ್ಟಿರುತ್ತಾರೆ. ಹೆಸರು ಬರೆಯುವುದಿಲ್ಲ ಎಂಬ ಭರವಸೆಯನ್ನು ಅವರಿಗೆ ಕೊಡುವ ಮೊದಲು, ಅದನ್ನು ಉಳಿಸಿಕೊಳ್ಳುವ ತಾಂತ್ರಿಕ ಸಿದ್ಧತೆ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳುವುದು ವೃತ್ತಿಯ ಮೊದಲ ಪಾಠವಾಗಬೇಕು.

ಪ್ರಶ್ನೆ: ಇಬ್ಬರು ಚಿಕ್ಕ ಮಕ್ಕಳ ತಂದೆ ನಾನು. ಮಕ್ಕಳನ್ನು ಪೀಡಿಸುವವರು, ಬಾಂಬ್ ಇಡುವವರು ಎನ್‌ಕ್ರಿಪ್ಷನ್ನಿನ (ಸಂದೇಶವನ್ನು ಬೇರೆಯವರು ಓದಲಾಗದಂತೆ ಸಂಕೇತಗಳಾಗಿ ಬದಲಿಸುವ ತಂತ್ರ) ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಪೊಲೀಸರಿಗೆ ಮಾತ್ರ ಒಂದು ಕೀಲಿಕೈ ಕೊಟ್ಟರೆ ಏನು ತಪ್ಪು?

ಉತ್ತರ: ನಿಮ್ಮ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು. ಅಂಥ ಅಪರಾಧಗಳು ನಡೆಯುತ್ತವೆ, ತನಿಖೆಗೆ ಸಾಧನಗಳು ಬೇಕು. ಇಂಥವನ ಮೇಲೆ ಇಂಥ ಕಾರಣಕ್ಕೆ ಸಂಶಯವಿದೆ ಎಂದು ಸ್ವತಂತ್ರ ನ್ಯಾಯಾಧೀಶರ ಮುಂದೆ ಹೇಳಿ, ಆದೇಶ ಪಡೆದು, ಅವಧಿ ಮುಗಿದೊಡನೆ ನಿಲ್ಲಿಸುವ ಕಣ್ಗಾವಲನ್ನು ನಾವು ವಿರೋಧಿಸುವುದಿಲ್ಲ. ನಿಮ್ಮ ಪ್ರಶ್ನೆ ಇರುವುದು ಅದರ ಬಗ್ಗೆ ಅಲ್ಲ, ಎಲ್ಲರ ಮಾತನ್ನೂ ತೆರೆಯಬಲ್ಲ ಒಂದು ಕೀಲಿಕೈಯ ಬಗ್ಗೆ. ಪೊಲೀಸರಿಗೆ ಮಾತ್ರ ಎಂಬ ನಿಮ್ಮ ಷರತ್ತನ್ನು ಪಾಲಿಸುವ ಶಕ್ತಿ ಎನ್‌ಕ್ರಿಪ್ಷನ್ನಿನ ಹಿಂದಿರುವ ಗಣಿತಕ್ಕಿಲ್ಲ. ಕೀಲಿ ಯಾರ ಕೈಯಲ್ಲಿದೆ ಎಂದು ಅದು ಕೇಳುವುದಿಲ್ಲ.

ಗ್ರೀಸ್ ದೇಶದಲ್ಲಿ ನಡೆದದ್ದನ್ನು ನೋಡಿ. ಕಾನೂನುಬದ್ಧ ಕದ್ದಾಲಿಕೆಗೆ ಅನುವಾಗಲೆಂದು ದೂರಸಂಪರ್ಕ ಯಂತ್ರಗಳಲ್ಲಿ ಒಂದು ವ್ಯವಸ್ಥೆಯನ್ನು ತಯಾರಕರೇ ಅಳವಡಿಸಿರುತ್ತಾರೆ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಹೊತ್ತಿನಲ್ಲಿ ಅಲ್ಲಿನ ವೊಡಾಫೋನ್ ಜಾಲದ ಯಂತ್ರಗಳೊಳಗೆ ಯಾರೋ ನುಸುಳಿ, ಅದೇ ವ್ಯವಸ್ಥೆಯನ್ನು ಗುಟ್ಟಾಗಿ ಚಾಲೂ ಮಾಡಿದರು. ಪ್ರಧಾನಿ ಕೋಸ್ತಾಸ್ ಕರಮಾನ್ಲಿಸ್, ಸಚಿವರು, ಉನ್ನತಾಧಿಕಾರಿಗಳು ಸೇರಿದಂತೆ ಸುಮಾರು ನೂರು ಮಂದಿಯ ಮಾತುಗಳು 2005ರ ಮಾರ್ಚ್‌ವರೆಗೆ ಕಳ್ಳರ ಕಿವಿಗೆ ಬೀಳುತ್ತಿದ್ದವು. ಇಪ್ಪತ್ತು ವರ್ಷಗಳ ನಂತರ, 2024ರಲ್ಲಿ, ಅಮೆರಿಕದ ದೊಡ್ಡ ದೂರಸಂಪರ್ಕ ಕಂಪನಿಗಳೊಳಗೆ ಚೀನಾ ಸರ್ಕಾರದೊಂದಿಗೆ ನಂಟುಳ್ಳ ಹ್ಯಾಕರ್‌ಗಳು ನುಗ್ಗಿದ್ದಾರೆಂಬ ಸಂಗತಿ ಹೊರಬಿತ್ತು. ನ್ಯಾಯಾಲಯದ ಆದೇಶದ ಮೇಲೆ ನಡೆಯುವ ಕದ್ದಾಲಿಕೆಯ ವ್ಯವಸ್ಥೆಯನ್ನೂ ಅವರು ಮುಟ್ಟಿದ್ದರು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಅಧಿಕಾರಿಗಳು, ಎನ್‌ಕ್ರಿಪ್ಟ್ ಆದ ಸಂದೇಶ ಸೇವೆಗಳನ್ನೇ ಬಳಸಿರೆಂದು ಜನರಿಗೆ ಸಲಹೆ ಕೊಟ್ಟರು. ಎನ್‌ಕ್ರಿಪ್ಷನ್ ತನಿಖೆಗೆ ಅಡ್ಡಿಯೆಂದು ವರ್ಷಗಟ್ಟಲೆ ದೂರಿದ್ದ ಸರ್ಕಾರವೊಂದರ ಬಾಯಲ್ಲಿ ಬಂದ ಮಾತಿದು.

ಇನ್ನು ಕೀಲಿಕೈ ಕೇಳುವ ಸರ್ಕಾರಗಳೆಲ್ಲ ನಿಮ್ಮ ಮಕ್ಕಳ ಹಿತಕ್ಕಾಗಿಯೇ ಕೇಳುತ್ತಿಲ್ಲ. ಟೆಲಿಗ್ರಾಂ ಬಳಕೆದಾರರ ಸಂದೇಶ ತೆರೆಯುವ ಮಾಹಿತಿ ಒಪ್ಪಿಸಬೇಕೆಂಬ ರಷ್ಯಾದ ಕಾನೂನನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ತೀರ್ಪು ನೀಡಿ, ಕೆಲವರ ಸಂದೇಶ ಓದುವ ಸಲುವಾಗಿ ಎಲ್ಲ ಬಳಕೆದಾರರ ಎನ್‌ಕ್ರಿಪ್ಷನ್ನನ್ನು ದುರ್ಬಲಗೊಳಿಸುವುದು ಪ್ರಜಾಪ್ರಭುತ್ವದಲ್ಲಿ ಅಗತ್ಯವೆನ್ನಲಾಗದು ಎಂದು ಹೇಳಿತು. ನಮ್ಮ ನಿಲುವೂ ಅದೇ. ನಿಮ್ಮ ಮಕ್ಕಳ ಫೋಟೊ, ಶಾಲೆಯ ವಿಳಾಸ, ಅವರು ಮನೆಗೆ ಹೊರಡುವ ಸಮಯ ಇವೆಲ್ಲ ಅನ್ಯರ ಕೈಗೆ ಸಿಗದಂತೆ ಕಾಯುತ್ತಿರುವುದೂ ಆ ಎನ್‌ಕ್ರಿಪ್ಷನ್ನೇ.

ಪ್ರಶ್ನೆ: ಇದಕ್ಕೆಲ್ಲ ಕಾನೂನಿನ ರಕ್ಷಣೆ ಇಲ್ಲವೇ?

ಉತ್ತರ: ಇದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿ ಖಾಸಗಿ ಬದುಕು ಮತ್ತು ಪತ್ರವ್ಯವಹಾರದಲ್ಲಿ ಮನಬಂದಂತೆ ಕೈಹಾಕುವುದನ್ನು ನಿಷೇಧಿಸುತ್ತದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ 1966ರ ಒಡಂಬಡಿಕೆಯ 17ನೇ ವಿಧಿಯೂ ಅದನ್ನೇ ಹೇಳುತ್ತದೆ. 2014ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಎಲ್ಲರ ಕರೆ ವಿವರಗಳನ್ನು ಕೂಡಿಡಬೇಕೆಂಬ ನಿರ್ದೇಶನವನ್ನು ರದ್ದು ಮಾಡಿತು. 2017ರ ಆಗಸ್ಟ್ 24ರಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆದರೆ ತೀರ್ಪುಗಳು ನಿಧಾನವಾಗಿ ಬರುತ್ತವೆ. ಅಮೆರಿಕದ ಕರೆ ವಿವರ ಸಂಗ್ರಹ ಕಾನೂನುಬಾಹಿರವಾಗಿತ್ತು ಎಂದು ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2015ರಲ್ಲಿ, ಇನ್ನೊಂದು ಹೇಳಿದ್ದು 2020ರಲ್ಲಿ, ಅದು ಬಯಲಾದ ಏಳು ವರ್ಷಗಳ ನಂತರ. ನ್ಯಾಯಾಂಗವೇ ಸರ್ಕಾರದ ಹಿಡಿತದಲ್ಲಿರುವ ದೇಶಗಳಲ್ಲಿ ಅಷ್ಟೂ ಇಲ್ಲ. ಕಾನೂನಿಗಾಗಿ ಹೋರಾಡುತ್ತಲೇ ನಮ್ಮ ಎಚ್ಚರದಲ್ಲಿ ನಾವಿರಬೇಕು.

ಪ್ರಶ್ನೆ: ಸಂದೇಶಗಳು ಎನ್‌ಕ್ರಿಪ್ಟ್ ಆಗಿವೆ ಎಂದು ನಾನು ಬಳಸುವ ಆಪ್ ಹೇಳುತ್ತದೆ. ಅಷ್ಟು ಸಾಕೆ? ನಾನು ಹೋರಾಟಗಾರಳೇನೂ ಅಲ್ಲ.

ಉತ್ತರ: ಸಾಲದು, ಆದರೆ ಅದು ಸಣ್ಣ ವಿಷಯವೂ ಅಲ್ಲ. ಸಿಗ್ನಲ್ ಎಂಬ ಎನ್‌ಕ್ರಿಪ್ಟ್ ಆದ ಸಂದೇಶ ಆಪ್‌ನ ಸಂಸ್ಥೆಗೆ 2016ರಲ್ಲಿ ಅಮೆರಿಕದ ತನಿಖಾಧಿಕಾರಿಗಳಿಂದ ಬಳಕೆದಾರರ ಮಾಹಿತಿ ಕೇಳಿ ಸಮನ್ಸ್ ಬಂದಾಗ, ಖಾತೆ ತೆರೆದ ದಿನ ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ ಬಿಟ್ಟು ಬೇರೇನನ್ನೂ ಕೊಡಲು ಅದರ ಬಳಿ ಇರಲಿಲ್ಲ. ಕೂಡಿಡದ ಮಾಹಿತಿಯನ್ನು ಯಾರೂ ಕಿತ್ತುಕೊಳ್ಳಲಾರರು. ಆದ್ದರಿಂದ ಒಂದು ಸೇವೆಯನ್ನು ಆರಿಸುವಾಗ, ಅದು ಸಂದೇಶವನ್ನು ಮುಚ್ಚುತ್ತದೆಯೇ ಎಂಬುದರ ಜೊತೆಗೆ ನಮ್ಮ ಬಗ್ಗೆ ಏನೇನು ಬರೆದಿಡುತ್ತದೆ ಎಂಬುದನ್ನೂ ಕೇಳಬೇಕು.

ಸಂದೇಶವು ದಾರಿಯಲ್ಲಿ ಸುರಕ್ಷಿತವಾಗಿದ್ದರೂ ಎರಡು ತುದಿಗಳಲ್ಲಿ ತೆರೆದೇ ಇರುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಮಾನವ ಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ 2016ರ ಆಗಸ್ಟ್‌ನಲ್ಲಿ, ಜೈಲಿನಲ್ಲಿ ಚಿತ್ರಹಿಂಸೆಗೆ ಒಳಗಾದವರ ಬಗ್ಗೆ ಹೊಸ ರಹಸ್ಯಗಳಿವೆ ಎಂಬ ಸಂದೇಶ ಒಂದು ಲಿಂಕಿನೊಂದಿಗೆ ಬಂತು. ಅವರ ಕಾಳಜಿ ಯಾವುದೆಂದು ಅರಿತವರೇ ಹೆಣೆದ ಬಲೆ ಅದು. ಅವರು ಲಿಂಕನ್ನು ಒತ್ತದೆ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳುಹಿಸಿದರು. ಒತ್ತಿದ್ದರೆ ಪೆಗಾಸಸ್ ಎಂಬ ಬೇಹು ತಂತ್ರಾಂಶ ಅವರ ಐಫೋನಿನೊಳಗೆ ಇಳಿದು, ಮೈಕ್ರೊಫೋನು, ಕ್ಯಾಮೆರಾ, ಸಂದೇಶಗಳೆಲ್ಲವನ್ನೂ ಪರರ ವಶಕ್ಕೆ ಕೊಡುತ್ತಿತ್ತು. ಅವರ ಜಾಗರೂಕತೆಯಿಂದಾಗಿ ಆಪಲ್ ಕೆಲವೇ ದಿನಗಳಲ್ಲಿ, ಪೆಗಾಸಸ್ ಒಳನುಗ್ಗಲು ಬಳಸುತ್ತಿದ್ದ ದೋಷಗಳನ್ನು ಸರಿಪಡಿಸುವ ಅಪ್‌ಡೇಟ್ ಹೊರಡಿಸಿತು, ಲೋಕದ ಎಲ್ಲ ಐಫೋನ್ ಬಳಕೆದಾರರಿಗೂ ಅದರ ಲಾಭ ದೊರೆಯಿತು. ಮನ್ಸೂರ್ ಅವರನ್ನು 2017ರಲ್ಲಿ ಬಂಧಿಸಿ, ಮರುವರ್ಷ 10 ವರ್ಷಗಳ ಸೆರೆವಾಸ ವಿಧಿಸಲಾಯಿತು.

ನಿಮ್ಮಂಥವರ ಮೇಲೆ ಇಂಥ ದುಬಾರಿ ಆಯುಧ ಬಳಸುವ ಸಾಧ್ಯತೆ ಕಡಿಮೆ, ಸಣ್ಣ ಎಚ್ಚರಗಳೇ ಸಾಕು. ಅಪ್‌ಡೇಟುಗಳನ್ನು ಮುಂದೂಡದೆ ಹಾಕಿಕೊಳ್ಳಿ, ಬೆರಳಚ್ಚು ಅಥವಾ ಮುಖದ ಬದಲು ಉದ್ದನೆಯ ಪಾಸ್‌ವರ್ಡಿನಿಂದ ಫೋನನ್ನು ಬೀಗ ಮಾಡಿ, ಏಕೆಂದರೆ ಬೆರಳನ್ನು ಬಲವಂತದಿಂದ ಒತ್ತಿಸಬಹುದು. ಕ್ಲೌಡ್‌ನಲ್ಲಿ ಉಳಿಯುವ ಬ್ಯಾಕಪ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ, ಹಳೆಯ ಸಂದೇಶಗಳು ತಾವಾಗಿ ಅಳಿಯುವಂತೆ ಮಾಡಿ. ಹೋರಾಟಗಾರಳಲ್ಲ ಎಂದಿರಿ. ಇದನ್ನೆಲ್ಲ ನೀವು ಬಳಸಬೇಕಾದದ್ದು ಆ ಕಾರಣಕ್ಕೇ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಪೊಲೀಸರು ಬಳಸುತ್ತಿದ್ದ ಒಂದು ಆಪ್‌ನ ಒಳರಚನೆಯನ್ನು ಬಿಚ್ಚಿ ನೋಡಿದ ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್, 2019ರಲ್ಲಿ ಅದರ ವಿವರ ಪ್ರಕಟಿಸಿತು. ನೆರೆಹೊರೆಯವರೊಂದಿಗೆ ಬೆರೆಯದಿರುವುದು, ವಿದ್ಯುತ್ತನ್ನು ಹೆಚ್ಚು ಬಳಸುವುದು, ವಿಪಿಎನ್ (ಅಂತರ್ಜಾಲದ ಬಳಕೆಯನ್ನು ಮರೆಮಾಡುವ ಸಾಧನ) ಅಥವಾ ವಾಟ್ಸ್‌ಆಪ್ ಇಟ್ಟುಕೊಂಡಿರುವುದು, ಎಲ್ಲವೂ ಅಲ್ಲಿ ಸಂಶಯದ ಲಕ್ಷಣಗಳು. ಖಾಸಗಿತನದ ಸಾಧನಗಳನ್ನು ಅಪಾಯದಲ್ಲಿರುವವರಷ್ಟೇ ಬಳಸಿದರೆ ಸಾಧನವೇ ಅವರ ಗುರುತಾಗಿಬಿಡುತ್ತದೆ. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆಪ್ ನೂರು ಕೋಟಿಗೂ ಹೆಚ್ಚು ಬಳಕೆದಾರರಿಗೆ ಒಮ್ಮೆಲೇ ಎನ್‌ಕ್ರಿಪ್ಷನ್ ಒದಗಿಸಿದ್ದರಿಂದ, ಶುಭಾಶಯ ಕಳಿಸುವ ಅಜ್ಜನೂ ರಹಸ್ಯ ದಾಖಲೆ ಕಳಿಸುವ ವರದಿಗಾರನೂ ಹೊರಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುವಂತಾಯಿತು. ಆ ಅಜ್ಜ ಏನೂ ಮಾಡದೆಯೇ ಅಪರಿಚಿತನೊಬ್ಬನನ್ನು ಕಾಯುತ್ತಿದ್ದಾನೆ.

ಪ್ರಶ್ನೆ: ನನ್ನ ತಮ್ಮ ವಿದೇಶವೊಂದರಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಆಳುವವರನ್ನು ಟೀಕಿಸಿದವರಿಗೆ ಜೈಲು. ಅವನೊಂದಿಗೆ ಮಾತನಾಡುವಾಗ ನಾನು ಏನನ್ನು ಗಮನದಲ್ಲಿಟ್ಟುಕೊಳ್ಳಬೇಕು?

ಉತ್ತರ: ಯಾವುದು ಅಪಾಯ, ಯಾವುದು ಅಲ್ಲ ಎಂಬುದನ್ನು ನಿಮ್ಮ ತಮ್ಮ ತೀರ್ಮಾನಿಸಲಿ, ನೀವಲ್ಲ. ಅಲ್ಲಿನ ಗಾಳಿ ಹೇಗಿದೆ ಎಂಬುದು ದೂರದಲ್ಲಿರುವ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಒಂದು ಆಪ್ ಬೇಡ ಎಂದರೆ ಒತ್ತಾಯಿಸಬೇಡಿ, ಒಂದು ವಿಷಯಕ್ಕೆ ಉತ್ತರಿಸದೆ ಮಾತು ಮರೆಸಿದರೆ ಕೆದಕಬೇಡಿ.

ಸೇವೆ ಒದಗಿಸುವ ಕಂಪನಿ ದೊಡ್ಡದು, ಹೆಸರಾಂತದ್ದು ಎಂಬ ಕಾರಣಕ್ಕೆ ಮೈಮರೆಯಬಾರದು. ಚೀನಾದ ಪತ್ರಕರ್ತ ಶಿ ತಾವೊ, 1989ರಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ಸೇನೆ ಪ್ರತಿಭಟನೆಯನ್ನು ಹತ್ತಿಕ್ಕಿದ ಘಟನೆಯ ಹದಿನೈದನೇ ವಾರ್ಷಿಕದ ಹೊತ್ತಿನಲ್ಲಿ ಮಾಧ್ಯಮಗಳು ಹೇಗಿರಬೇಕೆಂದು ಸರ್ಕಾರ ಕೊಟ್ಟ ಸೂಚನೆಯ ಸಾರಾಂಶವನ್ನು 2004ರಲ್ಲಿ ತಮ್ಮ ಯಾಹೂ ಖಾತೆಯಿಂದ ವಿದೇಶಕ್ಕೆ ಕಳುಹಿಸಿದರು. ಖಾತೆ ಯಾರದೆಂಬ ವಿವರವನ್ನು ಯಾಹೂ ಚೀನಾದ ಅಧಿಕಾರಿಗಳಿಗೆ ಕೊಟ್ಟಿತು. 2005ರಲ್ಲಿ ಅವರಿಗೆ 10 ವರ್ಷಗಳ ಶಿಕ್ಷೆಯಾಯಿತು; ಬಿಡುಗಡೆಯಾದದ್ದು 2013ರಲ್ಲಿ. ಈ ನಡುವೆ 2007ರಲ್ಲಿ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಯಾಹೂ ಮುಖ್ಯಸ್ಥರು ಶಿ ತಾವೊ ಅವರ ತಾಯಿಯ ಕ್ಷಮೆ ಕೇಳಿದರು. ಆ ಕ್ಷಮೆಯಿಂದ ಮಗನ ಸೆರೆವಾಸದ ಒಂದು ದಿನವೂ ಕಡಿಮೆಯಾಗಲಿಲ್ಲ.

ನಿಮ್ಮ ಕೈಯಲ್ಲಿರುವ ಕೆಲಸಗಳು ಚಿಕ್ಕವು. ನಿಮ್ಮ ತಮ್ಮ ಹೇಳಿದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ಗುಂಪಿಗೆ ಹಾಕಬೇಡಿ. ನೀವು ಬರೆಯುವ ರಾಜಕೀಯ ಟೀಕೆಗಳಿಗೆ ಅವರನ್ನು ಟ್ಯಾಗ್ ಮಾಡಬೇಡಿ, ಅವರ ಫೋಟೊದ ಕೆಳಗೆ ಅಲ್ಲಿನ ಸರ್ಕಾರವನ್ನು ಕುರಿತು ತಮಾಷೆಗೂ ಬರೆಯಬೇಡಿ. ಸಂಬಂಧಿಕರಿಗೂ ಇದನ್ನು ಬಿಡಿಸಿ ಹೇಳಿ, ಏಕೆಂದರೆ ಇಂಥ ಅನಾಹುತ ಹೆಚ್ಚಾಗಿ ಆಗುವುದು ಪ್ರೀತಿಯಿಂದ ಬರೆದವರಿಂದ. ಅವರು ಊರಿಗೆ ಬಂದಾಗ, ಫೋನಿನ ಮೂಲಕ ಅಲ್ಲದೆ ಎದುರೆದುರು ಕುಳಿತು, ಯಾವ ವಿಷಯವನ್ನು ಎಂದೂ ಬರೆಯಬಾರದು, ಎಷ್ಟು ದಿನ ಸುದ್ದಿ ಬಾರದಿದ್ದರೆ ಚಿಂತಿಸಬೇಕು, ಆಗ ಮೊದಲು ಯಾವ ವಕೀಲರನ್ನು ಸಂಪರ್ಕಿಸಬೇಕು ಎಂಬುದನ್ನು ಮಾತಾಡಿಕೊಳ್ಳಿ. ಸಿಗ್ನಲ್ ಬಳಸುವುದು ಅಲ್ಲಿ ಕ್ಷೇಮವೆಂದು ಅವರು ಹೇಳಿದರೆ, ಇಬ್ಬರ ಫೋನುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನಡುವೆ ಬೇರಾರೂ ನುಸುಳಿಲ್ಲ ಎಂದು ಖಚಿತಪಡಿಸಲು ಆ ಆಪ್ ತೋರಿಸುವ ಸುರಕ್ಷತಾ ಸಂಖ್ಯೆ ಎರಡರಲ್ಲೂ ಒಂದೇ ಆಗಿದೆಯೇ ಎಂದು ಅದೇ ಭೇಟಿಯಲ್ಲಿ ತಾಳೆ ನೋಡಿ. ಮುಂದೆ ಎಂದಾದರೂ ಆ ಸಂಖ್ಯೆ ಬದಲಾಗಿದೆ ಎಂಬ ಸೂಚನೆ ಬಂದರೆ, ಫೋನು ಬದಲಿಸಿದ್ದೀಯಾ ಎಂದು ಬೇರೊಂದು ದಾರಿಯಲ್ಲಿ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಮಾತು ಮುಂದುವರಿಸಿ.